ಅರವಟ್ಟಿಗೆಯ ನೀರು

ಚಿತ್ರದುರ್ಗ ಸೀಮೆಯ ಬೇಸಗೆಯನ್ನು ಬಲ್ಲವರಿಗೆ ಅರವಟ್ಟಿಗೆಯ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿಯಲ್ಲಿ ೬೦೦ ಮಿಲಿಮೀಟರಿನ ಆಸುಪಾಸು. ಹೊಳಲ್ಕೆರೆಯ ಕಡೆ ತುಸು ಹೆಚ್ಚು, ಹಿರಿಯೂರಿನ ಕಡೆ ತುಸು ಕಡಿಮೆ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣೀವಿಲಾಸ ಸಾಗರವು ಪೂರ್ತಿಯಾದದ್ದು ೧೯೦೭ರಲ್ಲಿ. ಅದರ ಕೋಡಿ ೧೯೩೩ರಲ್ಲೊಮ್ಮೆ ಹರಿಯಿತು. ಮತ್ತೆ ಹರಿಯುವುದನ್ನು ಕಾಣಲು ಜನ ೨೦೨೨ರವರೆಗೆ ಕಾಯಬೇಕಾಯಿತು. ಇಂಥ ನಾಡಿನಲ್ಲಿ ಬೇಸಗೆ ಬಂದೊಡನೆ ರಸ್ತೆಯ ಬದಿಯ ಬೇವಿನ ಅಥವಾ ಹುಣಸೆಯ ನೆರಳಿನಲ್ಲಿ ಗರಿಯ ಚಪ್ಪರ ಹಾಕಿ, ಮರಳಿನ ಮೇಲೆ ಮಣ್ಣಿನ ಹರವಿಗಳನ್ನಿಟ್ಟು, ಬಂದವರಿಗೆಲ್ಲ ನೀರು ಕೊಡುವ ಪದ್ಧತಿ ಬೆಳೆದುಬಂದಿದೆ. ಕುಡಿಯುವವನು ಯಾರು, ಯಾವ ಊರಿನವನು, ಮತ್ತೊಮ್ಮೆ ಈ ದಾರಿಯಲ್ಲಿ ಬಂದಾನೆ ಎಂಬುದೊಂದನ್ನೂ ವಿಚಾರಿಸುವ ಕ್ರಮವಿಲ್ಲ. ನಾವು ನೋಡಹೊರಟಿರುವುದು ಆ ಹರವಿಯನ್ನು. ಜೊತೆಗೆ, ಅದನ್ನು ಅಲ್ಲಿಟ್ಟ ಕೈಯನ್ನು.

ಮೊದಲು ಹರವಿ. ಮಣ್ಣಿನ ಹರವಿಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುವು. ಅವುಗಳ ಮೂಲಕ ನೀರು ಜಿನುಗಿ ಹೊರಮೈಗೆ ಬಂದು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಬಹುಮಟ್ಟಿಗೆ ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಸಾಧಾರಣ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಶಾಖ ಬೇಕು. ಹತ್ತು ಲೀಟರ್ ನೀರಿರುವ ಹರವಿಯಿಂದ ನೂರು ಗ್ರಾಂ, ಎಂದರೆ ಅರ್ಧ ಲೋಟದಷ್ಟು, ಆವಿಯಾಗಿ ಹೋಯಿತೆನ್ನಿ. ಅದು ೫೮,೦೦೦ ಕ್ಯಾಲೊರಿಗಳನ್ನು ಹೊತ್ತೊಯ್ದಿತು. ಹೊರಗಿನಿಂದ ಶಾಖ ಒಳಗೆ ಬರದಿದ್ದರೆ ಉಳಿದ ನೀರು ಆರು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಹೊರಗಿನ ಶಾಖವೂ ಬರುತ್ತಿರುವುದರಿಂದ ಇಷ್ಟು ಲಾಭ ಪೂರ್ತಿ ದಕ್ಕದು. ನೆರಳು, ಒದ್ದೆ ಮರಳು, ಹರವಿಗೆ ಸುತ್ತಿದ ಒದ್ದೆ ಗೋಣಿ ಇವೆಲ್ಲ ಆ ನಷ್ಟವನ್ನು ತಗ್ಗಿಸಲು ಇರುವ ಉಪಾಯಗಳು.

ಈ ತಂಪಿಗೆ ಒಂದು ಎಲ್ಲೆಯುಂಟು. ಗಾಳಿ ಒಣಗಿದಷ್ಟೂ ಆವಿಯಾಗುವಿಕೆ ಚುರುಕು. ಏಪ್ರಿಲ್ ತಿಂಗಳಿನ ಒಂದು ಮಧ್ಯಾಹ್ನ ಚಿತ್ರದುರ್ಗದಲ್ಲಿ ಉಷ್ಣತೆ ೩೭ ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ ೨೫ ಇದ್ದರೆ, ಆವಿಯಾಗುವಿಕೆಯಿಂದ ನೀರು ಹೆಚ್ಚೆಂದರೆ ೨೨ ಡಿಗ್ರಿಯವರೆಗೆ ತಣಿಯಬಲ್ಲುದು. ಅದೇ ಹರವಿಯನ್ನು ಮಂಗಳೂರಿನ ಕಡಲತೀರಕ್ಕೆ ಒಯ್ದು, ೩೩ ಡಿಗ್ರಿ ಉಷ್ಣತೆಯ, ಶೇಕಡ ೬೫ ಆರ್ದ್ರತೆಯ ಗಾಳಿಯಲ್ಲಿಟ್ಟರೆ, ೨೭ ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ನೀರು ಯಾವ ನಾಡಿನಲ್ಲಿ ವಿರಳವೋ ಅದೇ ನಾಡಿನಲ್ಲಿ ಮಣ್ಣಿನ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಬಯಲುಸೀಮೆಯವರ ಪಾಲಿಗೆ ದೊರೆತ ಒಂದು ಸಣ್ಣ ಪರಿಹಾರ.

'ಅರ' ಎಂದರೆ ಧರ್ಮ. ಅರವಂಟಿಗೆ ಎಂಬ ರೂಪದಲ್ಲಿ ಈ ಪದ ನಮ್ಮ ಹಳೆಯ ಶಾಸನಗಳಲ್ಲಿ ಬರುತ್ತದೆ. ಪದ್ಧತಿ ಪದಕ್ಕಿಂತಲೂ ಹಳೆಯದು. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಗುರುತಿಸಿದ ಅಶೋಕನ ಶಾಸನವು, ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂದು ವಿಧಿಸುತ್ತದೆ. ಈಗ ದೆಹಲಿಯಲ್ಲಿರುವ ಆತನ ಸ್ತಂಭಶಾಸನವೊಂದರಲ್ಲಿ, ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿ, ಮನುಷ್ಯರಿಗೂ ಪಶುಗಳಿಗೂ ಕುಡಿಯುವ ನೀರಿನ ಎಡೆಗಳನ್ನು ಏರ್ಪಡಿಸಿದ ಸಂಗತಿಯಿದೆ.

ಇಷ್ಟು ಹೇಳಿ, ಕಹಿಯಾದುದೊಂದನ್ನು ಮುಚ್ಚಿಡುವುದು ಸರಿಯಲ್ಲ. ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುವ ರೂಢಿಯನ್ನು ಕೆಲವರು ಆರೋಗ್ಯದ ದೃಷ್ಟಿಯಿಂದ ಹೊಗಳುವುದುಂಟು. ಪಾತ್ರೆಗೆ ಬಾಯಿ ತಾಗದು ಎಂಬುದು ನಿಜವೆ. ಆದರೆ ಎಷ್ಟೋ ಕಡೆ ಆ ಎತ್ತರ ರೋಗಾಣುವಿನ ಭಯದಿಂದ ಹುಟ್ಟಿದ್ದಲ್ಲ, ಜಾತಿಯ ಭಯದಿಂದ ಹುಟ್ಟಿದ್ದು. ಕೆರೆಬಾವಿಗಳ ನೀರೂ ಎಲ್ಲರಿಗೂ ತೆರೆದಿರಲಿಲ್ಲ. ೧೯೨೭ರಲ್ಲಿ ಡಾ. ಅಂಬೇಡ್ಕರ್ ಅವರು ಮಹಾಡದ ಕೆರೆಯ ನೀರನ್ನು ಕುಡಿಯುವುದನ್ನೇ ಒಂದು ಸತ್ಯಾಗ್ರಹವಾಗಿ ಮಾಡಬೇಕಾಯಿತು. ಸಂವಿಧಾನದ ೧೫ನೆಯ ವಿಧಿಯಲ್ಲಿ ಬಾವಿ, ಕೆರೆ, ರಸ್ತೆಗಳ ಹೆಸರು ಬಿಡಿಬಿಡಿಯಾಗಿ ಬಂದಿರುವುದಕ್ಕೆ ಇದೇ ಹಿನ್ನೆಲೆ. ದಾರಿಹೋಕನ ಹೆಸರು ಕೇಳದೆ ಕೊಟ್ಟ ನೀರನ್ನು ಮಾತ್ರವೇ ಅರವಟ್ಟಿಗೆಯ ನೀರೆಂದು ಕರೆಯಲು ನಾವು ಒಪ್ಪುತ್ತೇವೆ.

ಇನ್ನು ಹರವಿಯನ್ನಿಟ್ಟ ಕೈಯ ವಿಚಾರ. ಜೀವವಿಜ್ಞಾನಕ್ಕೆ ಇದೊಂದು ತೊಡಕಿನ ಪ್ರಶ್ನೆಯೇ ಸರಿ. ತನಗೆ ನಷ್ಟ ಮಾಡಿಕೊಂಡು ಇನ್ನೊಂದಕ್ಕೆ ನೆರವಾಗುವ ಪ್ರಾಣಿಯ ಸ್ವಭಾವ ತಲೆಮಾರುಗಳಲ್ಲಿ ಉಳಿದುಬರುವುದು ಹೇಗೆ? ೧೯೬೪ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ನರು ರಕ್ತಸಂಬಂಧಿಗಳ ಮಟ್ಟಿಗೆ ಇದಕ್ಕೆ ಉತ್ತರ ಕೊಟ್ಟರು: ನೆಂಟನಿಗೆ ಮಾಡಿದ ಉಪಕಾರದಿಂದ ತನ್ನಲ್ಲಿರುವಂಥವೇ ಆನುವಂಶಿಕ ಅಂಶಗಳು ಉಳಿಯುತ್ತವೆ. ೧೯೭೧ರಲ್ಲಿ ರಾಬರ್ಟ್ ಟ್ರಿವರ್ಸ್ ಅವರು ಗೆಳೆಯರ ಮಟ್ಟಿಗೆ ಉತ್ತರಿಸಿದರು: ಇಂದು ನಾನು, ನಾಳೆ ನೀನು. ಕೋಸ್ಟರಿಕದ ರಕ್ತಹೀರುವ ಬಾವಲಿಗಳಲ್ಲಿ ಇದರ ಸೊಗಸಾದ ನಿದರ್ಶನವಿದೆ. ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಸಾಯುವ ಈ ಬಾವಲಿಗಳು, ಹಸಿದ ಜೊತೆಗಾರನಿಗೆ ತಾವು ಕುಡಿದ ರಕ್ತವನ್ನೇ ಕಕ್ಕಿ ಉಣಿಸುತ್ತವೆ. ಉಣಿಸುವುದು ನೆಂಟರಿಗೆ ಮತ್ತು ಬಹುಕಾಲ ಒಡನಿದ್ದವರಿಗೆ ಎಂಬುದನ್ನು ಜೆರಾಲ್ಡ್ ವಿಲ್ಕಿನ್ಸನ್ನರು ೧೯೮೪ರಲ್ಲಿ ಪ್ರಕಟಿಸಿದರು.

ಆದರೆ ಅರವಟ್ಟಿಗೆಗೆ ಬರುವವನು ನೆಂಟನೂ ಅಲ್ಲ, ಗೆಳೆಯನೂ ಅಲ್ಲ. ಅವನು ಋಣ ತೀರಿಸಲು ಮರಳಿ ಬರುವವನಲ್ಲ. ೧೯೯೮ರಲ್ಲಿ ನೋವಾಕ್ ಮತ್ತು ಸಿಗ್ಮಂಡ್ ಎಂಬ ಇಬ್ಬರು ಗಣಿತದಿಂದ ಒಂದು ದಾರಿ ತೋರಿಸಿದರು. ಕೊಡುವವನಿಗೆ ಒಳ್ಳೆಯ ಹೆಸರು ಬರುತ್ತದೆ. ಹೆಸರಿದ್ದವನಿಗೆ ಮೂರನೆಯವನು ನೆರವಾಗುತ್ತಾನೆ. ಹೀಗೆ ಉಪಕಾರವು ಸುತ್ತು ಹಾಕಿ ಬರುತ್ತದೆ. ಈ ವಿವರಣೆ ಸಾಕಷ್ಟು ಚೆನ್ನಾಗಿದೆ. ಆದರೂ, ಹರವಿಯನ್ನು ಮುಂಜಾವದಲ್ಲೇ ತುಂಬಿಸಿಟ್ಟು ಹೆಸರು ಹೇಳದೆ ಹೊಲಕ್ಕೆ ಹೋಗುವ ಮುದುಕಿಯರು ಈ ಗಣಿತದಲ್ಲಿ ಪೂರ್ತಿ ಅಡಗುತ್ತಾರೆಂದು ನಮಗೆ ತೋರುವುದಿಲ್ಲ.

ದಯೆಗೆ ಅಡ್ಡ ಬರುವುದೇನು ಎಂಬುದರ ಮೇಲೆ ಪ್ರಯೋಗಗಳು ಇನ್ನೂ ಹೆಚ್ಚಿನ ಬೆಳಕು ಚೆಲ್ಲಿವೆ. ೧೯೭೩ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬವರು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ ೪೦ ಮಂದಿಯನ್ನು ಒಬ್ಬೊಬ್ಬರನ್ನಾಗಿ ಒಂದು ಕಟ್ಟಡದಿಂದ ಮತ್ತೊಂದಕ್ಕೆ ಭಾಷಣ ಮಾಡಲು ಕಳುಹಿಸಿದರು. ದಾರಿಯಲ್ಲೊಬ್ಬ ಕೆಮ್ಮುತ್ತ ಕುಸಿದು ಕುಳಿತಿದ್ದ. ಅವನು ಏರ್ಪಾಡಿನ ಮನುಷ್ಯ. ಸಾಕಷ್ಟು ಸಮಯವಿದೆಯೆಂದು ತಿಳಿದವರಲ್ಲಿ ಶೇಕಡ ೬೩ ಮಂದಿ ನೆರವಿಗೆ ನಿಂತರು. ಆಗಲೇ ಹೊತ್ತಾಯಿತೆಂದು ಕೇಳಿಸಿಕೊಂಡವರಲ್ಲಿ ನಿಂತವರು ಶೇಕಡ ಹತ್ತು. ಅವರಲ್ಲಿ ಕೆಲವರ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಬೈಬಲ್ಲಿನ ಕಥೆ! ಆ ವಿಷಯದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಠೋರರೆಂದು ನಾವು ಬೈಯುವವರಲ್ಲಿ ಎಷ್ಟು ಜನ ಬರಿಯ ಅವಸರದವರೋ!

ಅವಸರದ ದಾರಿ ಎಂದರೆ ಈಗ ನಮ್ಮ ಹೆದ್ದಾರಿಯೇ. ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ೪೮ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನ ಉರುಳಿದಾಗ ಅವಸರದ ಜೊತೆಗೆ ಭಯವೂ ಸೇರುತ್ತದೆ: ಪೊಲೀಸು, ಸಾಕ್ಷಿ, ಕೋರ್ಟು. ಈ ಭಯವನ್ನು ಕಳೆಯಲೆಂದೇ ೨೦೧೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೆರವಾಗುವವರ ರಕ್ಷಣೆಯ ಸೂತ್ರಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕವು ತನ್ನದೇ ಶಾಸನವನ್ನು ಮಾಡಿತು. ೨೦೧೯ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಇಂಥ ರಕ್ಷಣೆ ದೇಶಕ್ಕೆಲ್ಲ ಬಂತು. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವನು ಹೆಸರು ಹೇಳಲು ಒಲ್ಲೆನೆಂದರೆ ಯಾರೂ ಬಲವಂತ ಮಾಡುವಂತಿಲ್ಲ. ವಿದ್ಯಾರ್ಥಿಗಳು ಇದನ್ನೂ, ೧೦೮ ಎಂಬ ಅಂಕಿಯನ್ನೂ ಮನೆಯವರಿಗೆ ತಿಳಿಸಿದರೆ ಒಳಿತು. ಜನ ಸುಮ್ಮನೆ ನಿಂತು ನೋಡುತ್ತಾರೆಂಬ ದೂರು ಪೂರ್ತಿ ನಿಜವೂ ಅಲ್ಲ. ಆಮ್‌ಸ್ಟರ್‌ಡಾಂ, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ ಬೀದಿಯ ಕ್ಯಾಮೆರಾಗಳಲ್ಲಿ ಮೂಡಿದ ೨೧೯ ಜಗಳಗಳನ್ನು ಪರಿಶೀಲಿಸಿದವರು, ಹತ್ತರಲ್ಲಿ ಒಂಬತ್ತು ಪ್ರಸಂಗಗಳಲ್ಲಿ ಒಬ್ಬನಾದರೂ ನಡುವೆ ಬಂದದ್ದನ್ನು ೨೦೧೯ರಲ್ಲಿ ವರದಿ ಮಾಡಿದರು.

ಸಣ್ಣ ಉಪಕಾರಗಳಂತೂ ಎಣಿಕೆಗೆ ಮೀರಿದವು. ಹೊಸದುರ್ಗದ ಬಸ್ಸಿನಲ್ಲಿ ನಿಂತ ವಿದ್ಯಾರ್ಥಿ ತನ್ನ ಪುಸ್ತಕದ ಚೀಲವನ್ನು ಕುಳಿತ ಅಪರಿಚಿತರ ತೊಡೆಯ ಮೇಲಿಡುವುದನ್ನು ಯಾರು ಕಂಡಿಲ್ಲ? ಕೇಳುವುದಕ್ಕೆ ಮೊದಲೇ ಕೈ ಚಾಚಿ ತೆಗೆದುಕೊಳ್ಳುವವರೂ ಉಂಟು. ಐದು ಖಂಡಗಳ ಎಂಟು ಭಾಷೆಗಳ ಜನರ ದಿನನಿತ್ಯದ ಮಾತುಕತೆಯನ್ನು ಚಿತ್ರೀಕರಿಸಿ ನೋಡಿದ ಭಾಷಾವಿಜ್ಞಾನಿಗಳು, ಎರಡು ನಿಮಿಷ ಚಿಲ್ಲರೆಗೊಮ್ಮೆ ಒಬ್ಬರು ಇನ್ನೊಬ್ಬರಿಂದ ಏನಾದರೊಂದು ಸಣ್ಣ ನೆರವನ್ನು ಬಯಸುವರೆಂದೂ, ಒಪ್ಪುವುದು ನಿರಾಕರಣೆಗಿಂತ ಏಳು ಪಟ್ಟು ಹೆಚ್ಚೆಂದೂ ೨೦೨೩ರಲ್ಲಿ ಪ್ರಕಟಿಸಿದರು. ಹೀಗೆ ನೆರವು ಪಡೆದವರು ಬಾಯಿಬಿಟ್ಟು ಕೃತಜ್ಞತೆ ಹೇಳಿದ್ದು ನೂರಕ್ಕೆ ಐದಾರು ಸಲ ಎಂಬುದು ಅವರದೇ ಇನ್ನೊಂದು ಲೆಕ್ಕ. ಕನ್ನಡ ಆ ಎಂಟರಲ್ಲಿ ಸೇರಿರಲಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ನೀರು ಕೊಟ್ಟವರಿಗೆ 'ಧನ್ಯವಾದ' ಎಂದರೆ ಅವರು ಮುಜುಗರಪಟ್ಟಾರು. ವಯಸ್ಸಾದವರು ಕುಡಿದು, ಬಾಯೊರೆಸಿಕೊಂಡು, 'ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ' ಎನ್ನುತ್ತಾರೆ.

ಈ ಬೇಸಗೆಯಲ್ಲಿ ತಮ್ಮ ಶಾಲೆ ಕಾಲೇಜುಗಳ ಮುಂದೆ ಅರವಟ್ಟಿಗೆ ಇಡಲು ಬಯಸುವವರಿಗೆ ಒಂದು ಮಾತು. ಜಿಲ್ಲೆಯ ಹಲವೆಡೆ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಪ್ರಮಾಣ ಇನ್ನೂ ಹೆಚ್ಚಾದರೆ ಎಲುಬು ಕೆಡುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು, ಹರವಿ ತಂಪು ಮಾಡುವುದೇ ಹೊರತು ಇದನ್ನು ಸೋಸಿ ತೆಗೆಯುವುದಿಲ್ಲ. ಆದುದರಿಂದ ನೀರನ್ನು ಮೊದಲು ಪರೀಕ್ಷೆ ಮಾಡಿಸಿ ತುಂಬಬೇಕು. ಹರವಿಗೆ ಮುಚ್ಚಳವಿರಲಿ, ತೆಗೆದುಕೊಳ್ಳಲು ಉದ್ದ ಹಿಡಿಯ ಸೌಟಿರಲಿ. ವಾರಕ್ಕೊಮ್ಮೆಯಾದರೂ ಹೊರಮೈಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು. ನೀರಿನ ಲವಣಗಳು ರಂಧ್ರಗಳಲ್ಲಿ ಕಟ್ಟಿಕೊಂಡರೆ ಹರವಿ ಜಿನುಗುವುದು ನಿಲ್ಲುತ್ತದೆ, ನೀರು ಬೆಚ್ಚಗಾಗುತ್ತದೆ.