ಬೊಂಬೆಗೆ ಮೊದಲು ಬೀದಿ

ವಿಜಯವಾಡದಿಂದ ಹೈದರಾಬಾದ್ ಕಡೆಗೆ ಹೊರಟ ಬಸ್ಸು ನಗರ ದಾಟಿದ ಸ್ವಲ್ಪ ಹೊತ್ತಿಗೇ ಇಬ್ರಾಹಿಂಪಟ್ನಂ ಬರುತ್ತದೆ. (ಹೈದರಾಬಾದಿನ ಪಕ್ಕದಲ್ಲೂ ಇದೇ ಹೆಸರಿನ ಊರಿದೆ, ಇದು ಕೃಷ್ಣಾ ದಂಡೆಯದು.) ಹೊರಗಿನವರು ಈ ಊರನ್ನು ಗುರುತಿಸುವುದು ನಾರ್ಲ ತಾತಾರಾವ್ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳಿಂದ, ಇತ್ತೀಚೆಗೆ, ಪಟ್ಟಿಸೀಮದಿಂದ ಹರಿದು ಬರುವ ಗೋದಾವರಿ ನೀರು ಕೃಷ್ಣೆಯನ್ನು ಸೇರುವ ‘ಪವಿತ್ರ ಸಂಗಮಂ’ ಘಾಟಿನಿಂದ. ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಕೊಂಡಪಲ್ಲಿ. ಅಲ್ಲಿ ಹದಿನಾಲ್ಕನೆಯ ಶತಮಾನದ ಕೋಟೆಯಿರುವ ಗುಡ್ಡದ ಬುಡದಲ್ಲಿ ಮರದ ಬೊಂಬೆ ಮಾಡುವವರ ‘ಬೊಮ್ಮಲ ಕಾಲೊನಿ’ ಇದೆ. ಈಚಿನ ವರ್ಷಗಳಲ್ಲಿ ಕೊಂಡಪಲ್ಲಿ, ಇಬ್ರಾಹಿಂಪಟ್ನಂ ಎರಡನ್ನೂ ಸೇರಿಸಿ ಒಂದೇ ಪುರಸಭೆ ಮಾಡಲಾಯಿತು. ಹೀಗೆ ನೂರಾರು ವರ್ಷದ ಒಂದು ಹಳ್ಳಿ ಕಸುಬು ಕಾಗದದ ಮೇಲೆ ಪಟ್ಟಣದ ಸಣ್ಣ ವ್ಯಾಪಾರವಾಗಿದೆ. ಅದನ್ನು ಹಾಗೆಂದೇ ನೋಡಬೇಕು ಎಂಬುದು ಈ ಲೇಖನದ ವಾದ. ಬೊಂಬೆಯನ್ನು ಹೊಗಳುವ ಕೆಲಸ ಸಾಕಷ್ಟು ಆಗಿದೆ. ಬೊಂಬೆ ಹುಟ್ಟುವ ಬೀದಿಯ ಕಡೆ ಯಾರೂ ತಿರುಗಿ ನೋಡಿದಂತಿಲ್ಲ.

ಮೊದಲು ಕಸುಬಿನ ಪರಿಚಯ. ಆರ್ಯಕ್ಷತ್ರಿಯರೆಂದು ಕರೆದುಕೊಳ್ಳುವ ಇಲ್ಲಿನ ಕುಶಲಕರ್ಮಿಗಳು ತಮ್ಮ ಹಿರಿಯರು ರಾಜಸ್ಥಾನದಿಂದ ಬಂದವರೆಂದು ಹೇಳುತ್ತಾರೆ. ಮರ ‘ತೆಲ್ಲ ಪೊಣಿಕಿ’. ಕೈಯಲ್ಲಿ ಹಿಡಿದರೆ ಬೆಂಡಿನಷ್ಟು ಹಗುರ, ಉಳಿ ಹಾಕಿದರೆ ಸಿಬಿರೇಳದಷ್ಟು ಮೆದು. ತುಂಡನ್ನು ಒಣಗಿಸಿ, ಸಣ್ಣ ಉರಿಯಲ್ಲಿ ಕಾಯಿಸಿ ಪಸೆ ತೆಗೆಯುತ್ತಾರೆ. ಚನ್ನಪಟ್ಟಣದಲ್ಲಾದರೆ ಚರಕಿಯ ಮೇಲೆ ಮರ ತಿರುಗುತ್ತಲೇ ಆಕಾರ ಬರುತ್ತದೆ, ಬಣ್ಣವೂ ಏರುತ್ತದೆ. ಕೊಂಡಪಲ್ಲಿಯಲ್ಲಿ ತಿರುಗುವುದು ಏನೂ ಇಲ್ಲ. ಆನೆಯ ಸೊಂಡಿಲು ಬೇರೆ, ಕಿವಿ ಬೇರೆ, ಮೇಲಿನ ಅಂಬಾರಿ ಬೇರೆ. ಎಲ್ಲವನ್ನೂ ಬಿಡಿಬಿಡಿಯಾಗಿ ಕೆತ್ತಿ ‘ಮಕ್ಕು’ ಹಾಕಿ ಕೂಡಿಸುತ್ತಾರೆ. ಮಕ್ಕು ಎಂದರೆ ಹುಣಸೆಬೀಜದ ಅಂಟಿಗೆ ಮರದ ಹೊಟ್ಟು ಬೆರೆಸಿದ ಸರಿ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಬಳಸುವ ‘ಕಿಟ್ಟ’ವೂ ಹೆಚ್ಚು ಕಡಿಮೆ ಇದೇ, ಜೊತೆಗೆ ಗೋಣಿನಾರು ಸೇರುತ್ತದೆ ಅಷ್ಟೆ. ಸಂದು ಒಣಗಿದ ಮೇಲೆ ಅರದಿಂದ ಉಜ್ಜಿ, ಸುಣ್ಣ ಬಳಿದು, ಆಮೇಲೆ ಬಣ್ಣ. ಬಣ್ಣದ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ದಶಾವತಾರ, ತಾಳೆಮರ ಹತ್ತಿ ಸೇಂದಿ ಇಳಿಸುವವ, ಎತ್ತಿನ ಗಾಡಿ, ಪಲ್ಲಕ್ಕಿಯಲ್ಲಿ ಕೂತ ಮದುವಣಗಿತ್ತಿ, ಕಾಳು ಬೀಸುವ ಹೆಂಗಸು ಇವೆಲ್ಲ ಸಂಕ್ರಾಂತಿಯ ‘ಬೊಮ್ಮಲ ಕೊಲುವು’ ಸಾಲಿಗೆ ಹೋಗುತ್ತವೆ. ನಮ್ಮ ದಸರೆಯ ಗೊಂಬೆ ಕೂರಿಸುವ ಮನೆಗಳಿಗೂ ಇವು ಹೊಸವೇನಲ್ಲ.

ಇಂಥ ಕಸುಬನ್ನು ಬೆಂಬಲಿಸುವುದೆಂದರೆ ಸರ್ಕಾರಕ್ಕೆ ವಸ್ತುವಿಗೊಂದು ಮುದ್ರೆ ಒತ್ತುವುದು. ಕೊಂಡಪಲ್ಲಿಗೆ ಭೌಗೋಳಿಕ ಸೂಚಿಕೆ ಬಂದೇ ಹದಿನೈದು ವರ್ಷಕ್ಕೂ ಹೆಚ್ಚಾಯಿತು. 2020ರ ಆಗಸ್ಟಿನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಚನ್ನಪಟ್ಟಣದ ಜೊತೆಗೇ ಕೊಂಡಪಲ್ಲಿಯ ಹೆಸರನ್ನೂ ಹೇಳಿದರು. ಅದೇ ವರ್ಷ ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಆಟಿಕೆಗಳ ಗುಣಮಟ್ಟ ಆದೇಶದಿಂದ ಸೂಚಿಕೆಯುಳ್ಳ ಕುಶಲಕರ್ಮಿಗಳಿಗೆ ವಿನಾಯಿತಿಯೂ ಸಿಕ್ಕಿತು. ವಿನಾಯಿತಿ ಬೇಕಾದದ್ದೇ, ತಕರಾರಿಲ್ಲ. ಸುಂಕದ ಮಾತು ಬೇರೆ: ಕೊಂಡಪಲ್ಲಿಯ ದಶಾವತಾರಕ್ಕೆ ಚೀನಾದ ರಿಮೋಟ್ ಕಾರು ಯಾವತ್ತೂ ಎದುರಾಳಿಯಾಗಿರಲಿಲ್ಲ. ಮಗುವಿನ ಕೈಗೆ ಕೊಡುವ ಆಟಿಕೆಗಿಂತ ಗಾಜಿನ ಬೀರುವಿನಲ್ಲಿಡುವ ಬೊಂಬೆಯಾಗಿಯೇ ಇದು ಬದುಕಿದ್ದು. ಸುಂಕ ಏರಿದ ಲಾಭ ಹೆಚ್ಚಾಗಿ ಸಿಕ್ಕಿದ್ದು ಪ್ಲಾಸ್ಟಿಕ್ ಆಟಿಕೆಯ ಕಾರ್ಖಾನೆಗಳಿಗೆ ಎಂದೇ ನನಗನ್ನಿಸುತ್ತದೆ.

ಮುದ್ರೆ ಮತ್ತು ಹೆಸರಿನಿಂದಷ್ಟೇ ಅಂಗಡಿ ನಡೆಯುವುದಿಲ್ಲ ಎಂಬುದಕ್ಕೆ ಪುರಾವೆ ಹುಡುಕಿಕೊಂಡು ಆಂಧ್ರದವರೆಗೆ ಹೋಗಬೇಕಾಗಿಲ್ಲ. ಚನ್ನಪಟ್ಟಣಕ್ಕೆ ಏನು ಕಡಿಮೆ? ಸೂಚಿಕೆ ಕೊಂಡಪಲ್ಲಿಗಿಂತ ಮೊದಲೇ ಬಂತು, ಡಚ್ ಸರ್ಕಾರದ ನೆರವು ಪಡೆದ ಅರಗಿನ ಕರಕುಶಲ ಕೇಂದ್ರವಿದೆ, ಹೆಸರು ದೇಶದ ಆಚೆಗೂ ಹೋಗಿದೆ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು, ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಕಾರುಗಳು ಓಡತೊಡಗಿದವು, ಹಳೇ ರಸ್ತೆಯ ಬೊಂಬೆ ಅಂಗಡಿಗಳಲ್ಲಿ ಗಿರಾಕಿಗಳು ಕಡಿಮೆಯಾದರು. ಮದ್ದೂರು ವಡೆಯವರೂ ಅದೇ ಗೋಳು ತೋಡಿಕೊಂಡರು. ಬೊಂಬೆ ಬದಲಾಗಲಿಲ್ಲ, ಕೈಚಳಕ ಕುಂದಲಿಲ್ಲ, ಸೂಚಿಕೆಯನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಬದಲಾದದ್ದು ಅಂಗಡಿಯ ಮುಂದೆ ಹಾದುಹೋಗುವ ಜನ ಮಾತ್ರ. ಸಣ್ಣ ವ್ಯಾಪಾರದ ಬಂಡವಾಳದಲ್ಲಿ ದೊಡ್ಡ ಪಾಲು ಹೀಗೆ ಬಾಗಿಲ ಹೊರಗೇ ಇರುತ್ತದೆ: ರಸ್ತೆ, ಬಸ್ಸು ನಿಲ್ಲುವ ಜಾಗ, ಕಾರು ನಿಲ್ಲಿಸಲು ನೆರಳು, ಕತ್ತಲಾದ ಮೇಲೆ ದೀಪ. ಇದರಲ್ಲಿ ಯಾವುದನ್ನೂ ಅಂಗಡಿಯವನು ಒಬ್ಬನೇ ಮಾಡಿಕೊಳ್ಳಲಾರ. ಕರಕುಶಲ ಇಲಾಖೆಯ ಯೋಜನೆಗಳು ದೆಹಲಿಯಿಂದ ರಾಜ್ಯದ ನಿಗಮಕ್ಕೆ, ನಿಗಮದಿಂದ ಕುಶಲಕರ್ಮಿಯ ಗುರುತಿನ ಚೀಟಿಗೆ ನೇರವಾಗಿ ಇಳಿಯುತ್ತವೆ. ನಡುವೆ ಪುರಸಭೆ ಎಂಬುದೊಂದು ಇದೆ ಎನ್ನುವುದೇ ಅವಕ್ಕೆ ಮರೆತಂತಿದೆ. ಇತ್ತ ಪುರಸಭೆಗೆ ಬೊಮ್ಮಲ ಕಾಲೊನಿ ತೆರಿಗೆ ಕಟ್ಟುವ ಮನೆಗಳ ಇನ್ನೊಂದು ಸಾಲು. ಪವಿತ್ರ ಸಂಗಮಕ್ಕೆ ಬಂದು ವಿಜಯವಾಡಕ್ಕೆ ಮರಳುವ ಕುಟುಂಬವನ್ನು ಬೊಮ್ಮಲ ಕಾಲೊನಿಗೆ ತಿರುಗಿಸುವುದು ಪುರಸಭೆಯ ಕೈಯಲ್ಲಿದೆ, ಕರಕುಶಲ ನಿಗಮದ ಕೈಯಲ್ಲಿಲ್ಲ. ನಿಗಮದ ‘ಲೇಪಾಕ್ಷಿ’ ಮಳಿಗೆಯಲ್ಲಿ ಬೊಂಬೆ ಕೊಂಡವರಿಗೆ ಆ ಬೀದಿಗೆ ಹೋಗುವ ಕಾರಣವೂ ಉಳಿಯುವುದಿಲ್ಲ.

ಮೊಬೈಲಿನಲ್ಲಿ ಎಲ್ಲವೂ ಸಿಗುವ ಕಾಲದಲ್ಲಿ ಬೀದಿಯ ಮಾತೇಕೆ ಎಂದು ಕೇಳಬಹುದು. ಆನ್‌ಲೈನ್ ಮಾರಾಟದಿಂದ ಉಪಯೋಗವಿಲ್ಲ ಎನ್ನಲಾರೆ; ದಸರೆಗೆ ಮುಂಚೆ ಬೆಂಗಳೂರಿನಿಂದ ಬರುವ ಬೇಡಿಕೆಗೆ ಅದು ಅನುಕೂಲವೇ. ಆದರೆ ಮಕ್ಕಿನಲ್ಲಿ ಕೂಡಿಸಿದ ಬೆರಳುದ್ದದ ಕೈಕಾಲುಗಳು ಕೊರಿಯರ್‌ನವರ ಎಸೆತವನ್ನು ತಡೆಯುವುದು ಕಷ್ಟ. ಒಂದು ಬೊಂಬೆಯ ಮುಖ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ ಫೋಟೊ ನೋಡಿ ಕೊಂಡವರಿಗೆ ಬಂದದ್ದು ಬೇರೆಯಾಗಿ ಕಾಣುವುದೂ ಉಂಟು. ಅದಕ್ಕಿಂತ ಮುಖ್ಯ, ಚೆನ್ನಾಗಿ ಫೋಟೊ ತೆಗೆದು, ಲೆಕ್ಕಪತ್ರ ಇಟ್ಟು, ವಾಪಸು ಬಂದ ಮಾಲಿನ ನಷ್ಟ ತಡೆದುಕೊಳ್ಳಬಲ್ಲವರೇ ಆನ್‌ಲೈನ್‌ನಲ್ಲಿ ಗೆಲ್ಲುವುದು. ಅಂಥವರು ಬಹಳ ಸಲ ಮಧ್ಯದ ವ್ಯಾಪಾರಿಗಳು. ಬೀದಿಯಲ್ಲಾದರೆ ಜಗಲಿಯ ಮೇಲೆ ಕೆತ್ತುತ್ತಾ ಕೂತವನೇ ಮಾರುವವನೂ ಹೌದು. ಮೂರು ದಿನದ ಕೆಲಸ ಕಣ್ಣೆದುರಿಗೆ ಇರುವಾಗ ಗಿರಾಕಿಯ ಚೌಕಾಸಿಯೂ ತಾನಾಗಿ ತಗ್ಗುತ್ತದೆ.

ಎರಡನೆಯ ಆಕ್ಷೇಪಣೆಗೆ ತೂಕ ಹೆಚ್ಚು. ಒಂದೇ ಸಾಲಿನಲ್ಲಿ ಒಂದೇ ಮಾಲು ಮಾರಿದರೆ ಒಬ್ಬರ ಬೆಲೆಯನ್ನು ಇನ್ನೊಬ್ಬರು ಕಡಿಯುತ್ತಾರೆ, ಪ್ರವಾಸಿಗರು ಹೆಚ್ಚಿದರೆ ಬಾಡಿಗೆ ಏರಿ ಕೆತ್ತುವವನ ಜಾಗಕ್ಕೆ ಪ್ಲಾಸ್ಟಿಕ್ ಮಾರುವವನು ಬಂದು ಕೂರುತ್ತಾನೆ. ಮೊದಲ ಭಯಕ್ಕೆ ಒಂದೇ ಮಾಲಿನ ಅಂಗಡಿಗಳು ಸಾಲಾಗಿರುವ ಬೆಂಗಳೂರಿನ ಚಿಕ್ಕಪೇಟೆಯೇ ಉತ್ತರ: ಆಯ್ಕೆ ಇರುವ ಕಡೆಗೇ ಜನ ಹೋಗುವುದು, ಒಂಟಿ ಅಂಗಡಿಗೆ ಆ ಸೆಳೆತವಿಲ್ಲ. ಎರಡನೆಯದನ್ನು ಹಾಗೆ ತಳ್ಳಿಹಾಕಲು ಆಗದು. ಒಳಗೆ ಕೆತ್ತನೆಯ ಮಣೆ ಇದ್ದರೆ ಮಾತ್ರ ಮುಂದೆ ಅಂಗಡಿಗೆ ಪರವಾನಗಿ ಎಂಬ ಷರತ್ತು ಪುರಸಭೆ ಹಾಕಬಹುದು. ಅಂಥ ಷರತ್ತು ಸಡಿಲವಾದರೆ ಬೀದಿಗೆ ಹಾಕಿದ ದುಡ್ಡೆಲ್ಲ ಮನೆ ಮಾಲೀಕರ ಪಾಲಾಗುತ್ತದೆ.

ಬೀದಿ ಎಷ್ಟೇ ಚೆನ್ನಾದರೂ ಮರ ಇಲ್ಲದಿದ್ದರೆ ಏನೂ ನಡೆಯದು. ಪೊಣಿಕಿ ಸುತ್ತಲಿನ ಗುಡ್ಡದ ಕಾಡಿನಿಂದ ಬರುತ್ತಿತ್ತು, ಈಗ ತೀರಾ ವಿರಳ. ನೆಟ್ಟರೂ ಕಡಿಯುವಷ್ಟು ಬಲಿಯಲು ವರ್ಷಗಳು ಬೇಕು. ವಿಶಾಖಪಟ್ಟಣದ ಬಳಿಯ ಏಟಿಕೊಪ್ಪಾಕದ ಬೊಂಬೆ ಕಸುಬಿಗೆ ಮರುಜೀವ ಬಂದದ್ದು ಸಿ.ವಿ. ರಾಜು ಅವರು ಗಿಡಮೂಲದ ಬಣ್ಣಗಳನ್ನು ಮತ್ತೆ ರೂಢಿಗೆ ತಂದದ್ದರಿಂದ. ಅದಕ್ಕೆ ಅವರಿಗೆ 2023ರಲ್ಲಿ ಪದ್ಮಶ್ರೀಯೂ ಬಂತು. ಅಲ್ಲೂ ಗಂಟು ಬಿಚ್ಚಿದ್ದು ಕಚ್ಚಾ ಸಾಮಗ್ರಿಯ ಕಡೆಯಿಂದಲೇ. ಕೊಂಡಪಲ್ಲಿಯಲ್ಲಿ ಮರವನ್ನು ಒಬ್ಬೊಬ್ಬರೇ ಸಾಲ ಮಾಡಿ ಕೊಳ್ಳುವ ಬದಲು ಇಡೀ ಕಾಲೊನಿಗೆ ಒಂದು ಡಿಪೊ ಇರಬೇಕು. ಮಾರಾಟದ ಸುಗ್ಗಿಗೆ ಮುಂಚೆ ಮರ ಕೊಟ್ಟು, ದಸರೆ–ಸಂಕ್ರಾಂತಿ ಮಾರಾಟ ಮುಗಿದ ಮೇಲೆ ಹಣ ತೆಗೆದುಕೊಳ್ಳಬೇಕು. 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿ ಸಾಲ ಸಿಗುತ್ತದೆ. ಆದರೆ ಅದು ಒಬ್ಬೊಬ್ಬರ ಹೆಸರಿನ ಸಾಲ, ಕಾಲೊನಿಯ ಹೆಸರಿನಲ್ಲಿ ಡಿಪೊ ತೆರೆಯಲು ಅದರಲ್ಲಿ ದಾರಿಯಿಲ್ಲ. ಪುರಸಭೆ ಒಂದು ಶೆಡ್ಡಿನ ಜಾಗ ಕೊಟ್ಟು, ಅರಣ್ಯ ಇಲಾಖೆ ಅಲ್ಲಿಗೇ ಮರ ತಂದು ಇಳಿಸಿದರೂ ಸಾಕು, ಕೆಲಸ ಶುರುವಾಗುತ್ತದೆ.