ನಿಘಂಟುಕಾರ್ಯದಲ್ಲಿ ಗಣನೆ: ಆಕ್ಸ್‌ಫರ್ಡ್ ನಿಘಂಟಿನ ನಿದರ್ಶನ

ದೊಡ್ಡ ನಿಘಂಟೊಂದನ್ನು ಕೈಗೆ ತೆಗೆದುಕೊಂಡವರು ಅದರ ಪಾಂಡಿತ್ಯಕ್ಕೆ ತಲೆದೂಗುವರಲ್ಲದೆ, ಅದರ ಹಿಂದೆ ನಡೆದ ಎಣಿಕೆಯ ಕೆಲಸವನ್ನು ನೆನೆಯುವುದು ಅಪೂರ್ವ. ಎಷ್ಟು ಚೀಟಿಗಳು ಬಂದಿವೆ, ಯಾವ ಗೂಡು ತುಂಬಿದೆ, ಯಾವುದು ಬರಿದಾಗಿದೆ, ವರ್ಷಕ್ಕೆ ಎಷ್ಟು ಪುಟ ಅಚ್ಚಾಗುತ್ತಿದೆ ಎಂಬುದನ್ನು ಲೆಕ್ಕವಿಟ್ಟು, ಆ ಲೆಕ್ಕದಿಂದ ಕಾರ್ಯಕ್ರಮವನ್ನು ತಿದ್ದಿಕೊಳ್ಳುವುದಕ್ಕೆ ವ್ಯುತ್ಪತ್ತಿನಿರ್ಣಯಕ್ಕೆ ಬೇಕಾದಷ್ಟೇ ವಿವೇಕವು ಬೇಕು. ಬಹುಜನರು ಬಹುಕಾಲ ಕೂಡಿ ಮಾಡತಕ್ಕ ಯಾವ ಕಾರ್ಯಕ್ಕೂ ಈ ಮಾತು ಸಲ್ಲುವುದಾದರೂ, ಆಕ್ಸ್‌ಫರ್ಡ್ ಇಂಗ್ಲೀಷು ನಿಘಂಟಿನ ಚರಿತ್ರೆಯಲ್ಲಿ ಅದು ವಿಶೇಷವಾಗಿ ವಿಶದವಾಗುತ್ತದೆ. ಅಲ್ಲಿ ಗಣನೆಯು ಒಂದು ಕಡೆ ಕಾರ್ಯವನ್ನು ದಾರಿಗೆ ತಂದಿತು. ಮತ್ತೊಂದು ಕಡೆ ಅದೇ ಗಣನೆಯು ಕಾರ್ಯವನ್ನು ಮೊಟಕುಗೊಳಿಸುವ ಭಯವನ್ನೂ ತಂದೊಡ್ಡಿತು.

ಲಂಡನ್ನಿನ ಭಾಷಾಶಾಸ್ತ್ರ ಸಂಘದವರು 1857ರಲ್ಲಿ ಈ ಯೋಚನೆಯನ್ನು ಮೊದಲು ಎತ್ತಿದರು. ಗ್ರಂಥಗಳನ್ನು ಓದಿ, ಶಬ್ದಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸುವ ಕೆಲಸವನ್ನು ಸಂಬಳವಿಲ್ಲದ ಓದುಗರು ವಹಿಸಿಕೊಂಡರು. ಮೊದಲನೆಯ ಸಂಪಾದಕರಾದ ಹರ್ಬರ್ಟ್ ಕೋಲ್‌ರಿಜ್ ಚೀಟಿಗಳಿಗಾಗಿ 54 ಗೂಡುಗಳ ಒಂದು ಬೀರುವನ್ನು ಮಾಡಿಸಿದ್ದರು. ಅವರು 1861ರಲ್ಲಿ ತೀರಿಕೊಂಡರು. ಆ ಮೇಲೆ ಫರ್ನಿವಲ್ಲರ ಕಾಲದಲ್ಲಿ ಚೀಟಿಗಳು ಬೆಳೆದವೇ ಹೊರತು ಅವುಗಳ ಲೆಕ್ಕ ಬೆಳೆಯಲಿಲ್ಲ. 1879ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದೊಡನೆ ಒಪ್ಪಂದವಾಗಿ, ಜೇಮ್ಸ್ ಮರ್ರೆಯವರು ಸಂಪಾದಕರಾದಾಗ ಅವರ ಮನೆಗೆ ಬಂದ ಚೀಟಿಗಳ ತೂಕವೇ ಸುಮಾರು ಎರಡು ಟನ್. ಒಂದು ಮೂಟೆಯಲ್ಲಿ ಇಲಿ ಮರಿಹಾಕಿತ್ತು. ಒಂದು ಭಾಗವು ಐರ್ಲೆಂಡಿನ ಕುದುರೆಲಾಯವೊಂದರಲ್ಲಿ ಸಿಕ್ಕಿತು. ಮರ್ರೆಯವರು ಮಿಲ್‌ಹಿಲ್ ಎಂಬಲ್ಲಿ ಕಬ್ಬಿಣದ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ, 1,029 ಗೂಡುಗಳನ್ನು ಅಳವಡಿಸಿ, ಬಂದುದೆಲ್ಲವನ್ನೂ ಅಕ್ಷರಾನುಕ್ರಮವಾಗಿ ಹಂಚಿಸಿದರು.

ಹಂಚಿದ ಮೇಲೆ ಒಂದು ಸಂಗತಿ ಹೊರಬಿದ್ದಿತು. ‘ಅಬ್ಯೂಷನ್’ ಎಂಬ ಬಳಕೆ ತಪ್ಪಿದ ಶಬ್ದಕ್ಕೆ ಸುಮಾರು ಐವತ್ತು ಪ್ರಯೋಗಗಳಿದ್ದುವು. ದಿನನಿತ್ಯವೂ ಆಡುವ ‘ಅಬ್ಯೂಸ್’ ಎಂಬ ಶಬ್ದಕ್ಕೆ ಐದು ಕೂಡ ಇರಲಿಲ್ಲ. ಇದಕ್ಕೆ ಓದುಗರ ಸೋಮಾರಿತನವು ಕಾರಣವಲ್ಲ. ಅಪೂರ್ವ ಶಬ್ದವು ಕಣ್ಣಿಗೆ ತಾನಾಗಿ ಬೀಳುತ್ತದೆ, ರೂಢಿಯ ಶಬ್ದವು ಕಣ್ಣಿನ ಮುಂದೆಯೇ ಹಾದುಹೋಗುತ್ತದೆ. ಪಂಪಭಾರತವನ್ನು ಓದುತ್ತ ಶಬ್ದಗಳನ್ನು ಗುರುತಿಸಹೊರಟವನು ಹಳಗನ್ನಡದ ಅಪರೂಪದ ದೇಶ್ಯವನ್ನು ತಪ್ಪದೆ ಬರೆದುಕೊಂಡು, ‘ಮಾಡು’, ‘ಬರು’, ‘ಕೊಳ್’ ಮುಂತಾದವುಗಳನ್ನು ಬಿಟ್ಟುಬಿಡುವುದೂ ಹೀಗೆಯೇ. ಆದರೆ ಅರ್ಥವೈವಿಧ್ಯವಿರುವುದೂ, ನಿಘಂಟುಕಾರನನ್ನು ಕಾಡುವುದೂ ಈ ಎರಡನೆಯ ಗುಂಪಿನ ಶಬ್ದಗಳೇ ಅಲ್ಲವೆ? ಇಪ್ಪತ್ತು ವರ್ಷಗಳ ಶ್ರಮವು ಹೀಗೆ ಒಂದೇ ಪಕ್ಕಕ್ಕೆ ವಾಲಿದ್ದುದು ಚೀಟಿಗಳು ಮೂಟೆಯಲ್ಲಿ ಇರುವಷ್ಟು ಕಾಲವೂ ಯಾರಿಗೂ ತಿಳಿಯಲಿಲ್ಲ. ಗೂಡುಗಳಲ್ಲಿ ಇಟ್ಟು ಎಣಿಸಿದ ಕೂಡಲೆ ತಿಳಿಯಿತು.

ಮರ್ರೆಯವರು ಈ ಎಣಿಕೆಯಿಂದ ಕಾರ್ಯವಿಧಾನವನ್ನೇ ಬದಲಾಯಿಸಿದರು. 1879ರ ವಿಜ್ಞಾಪನೆಯಲ್ಲಿ ಮೂರು ವರ್ಷಗಳ ಕೆಲಸಕ್ಕೆ ಸಾವಿರ ಓದುಗರು ಬೇಕೆಂದು ಕೇಳಿ, ಅಪರೂಪದ ಶಬ್ದಗಳನ್ನು ಮಾತ್ರವಲ್ಲದೆ ಸಾಮಾನ್ಯ ಶಬ್ದಗಳನ್ನೂ ಆದಷ್ಟು ಹೆಚ್ಚಾಗಿ ಬರೆದುಕೊಳ್ಳಬೇಕೆಂದು ಸೂಚಿಸಿದರು. ಬಳಿಕ, ಯಾವ ಯಾವ ಶಬ್ದಗಳಿಗೆ ಪ್ರಯೋಗಗಳು ಸಾಲವೆಂಬುದನ್ನು ಪಟ್ಟಿಮಾಡಿ ಅಚ್ಚುಹಾಕಿಸಿ ಓದುಗರಿಗೆ ಹಂಚಿದರು. ಕೊರತೆಯನ್ನು ಎಣಿಸಿ ಕೊರತೆ ಇರುವ ಕಡೆಗೇ ಜನರನ್ನು ತಿರುಗಿಸುವ ಈ ಕ್ರಮವು ನೋಡುವುದಕ್ಕೆ ಸರಳವಾದರೂ, ಅದಕ್ಕೆ ಹಿಂದಿನ ಎರಡು ದಶಕಗಳಲ್ಲಿ ಅದನ್ನು ಕೈಗೊಂಡವರಿರಲಿಲ್ಲ.

ಇನ್ನು ಕಾಲದ ಲೆಕ್ಕ. ಒಪ್ಪಂದವಾದಾಗ ಇದ್ದ ಅಂದಾಜು ನಾಲ್ಕು ಸಂಪುಟ, 6,400 ಪುಟ, ಹತ್ತು ವರ್ಷ. 1884ರ ಫೆಬ್ರವರಿ 1ರಂದು ಮೊದಲನೆಯ ಸಂಚಿಕೆ ಹೊರಬಂದಿತು; ಅದರಲ್ಲಿ ‘ಎ’ ಅಕ್ಷರದಿಂದ ‘ಆಂಟ್’, ಅಂದರೆ ಇರುವೆ ಎಂಬ ಶಬ್ದದವರೆಗೆ 352 ಪುಟಗಳು. ಐದು ವರ್ಷಕ್ಕೆ ಇಷ್ಟಾದರೆ 6,400 ಪುಟಗಳಿಗೆ ತೊಂಬತ್ತು ವರ್ಷ ಮಿಕ್ಕುವುದೆಂದು ಯಾರಾದರೂ ಗುಣಿಸಬಹುದು. ಆದರೆ ಈ ಗುಣಾಕಾರವು ಪೂರ್ಣವಾಗಿ ನ್ಯಾಯವಲ್ಲ. ಆ ಐದು ವರ್ಷಗಳಲ್ಲಿ ಬಹುಪಾಲು ಎಲ್ಲ ಅಕ್ಷರಗಳಿಗೂ ಉಪಯೋಗವಾಗುವ ಸಂಗ್ರಹಕ್ಕೆ, ವಿಂಗಡಣೆಗೆ, ಪದ್ಧತಿಯ ನಿಷ್ಕರ್ಷೆಗೆ ವ್ಯಯವಾಗಿತ್ತು. ಅಡಿಪಾಯಕ್ಕೆ ಹಿಡಿದ ಕಾಲವನ್ನು ಮೊದಲನೆಯ ಗೋಡೆಯ ಮೇಲೆ ಹೊರಿಸಿ, ಉಳಿದ ಗೋಡೆಗಳಿಗೂ ಅಷ್ಟೇ ಹಿಡಿಯುವುದೆನ್ನುವುದು ಲೆಕ್ಕವೇ ಆದರೂ ವಿಚಾರವಲ್ಲ.

ಮುದ್ರಣಾಲಯದವರು ಸುಮ್ಮನಿರಲಿಲ್ಲ, ಅವರ ಹಣವು ಕರಗುತ್ತಿದ್ದುದರಿಂದ ಸುಮ್ಮನಿರುವಂತೆಯೂ ಇರಲಿಲ್ಲ. ಮರ್ರೆಯವರು 1885ರಲ್ಲಿ ಆಕ್ಸ್‌ಫರ್ಡಿಗೆ ಬಂದು ನೆಲಸಬೇಕಾಯಿತು. ವರ್ಷಕ್ಕೆ 704 ಪುಟ, ಎಂದರೆ ಮೊದಲನೆಯದರಂತಹ ಎರಡು ಸಂಚಿಕೆ, ಹೊರಬರಬೇಕೆಂದು ನಿಯಮವಾಯಿತು. 1888ರಲ್ಲಿ ಹೆನ್ರಿ ಬ್ರಾಡ್ಲೆಯವರು ಸ್ವತಂತ್ರ ಸಂಪಾದಕರಾಗಿ ಬೇರೊಂದು ಅಕ್ಷರವನ್ನು ಕೈಗೊಂಡರು. ಇವೆಲ್ಲಕ್ಕಿಂತ ಹೆಚ್ಚಾಗಿ ಸಂಪಾದಕರನ್ನು ನೋಯಿಸಿದುದು ವೆಬ್‌ಸ್ಟರರ ನಿಘಂಟನ್ನು ಅಳತೆಗೋಲಾಗಿ ಹಿಡಿದ ಪದ್ಧತಿ. ವೆಬ್‌ಸ್ಟರಿನ ಒಂದು ಪುಟಕ್ಕೆ ಹೊಸ ನಿಘಂಟಿನಲ್ಲಿ ಮೊದಲು ಆರು, ಅನಂತರ ಎಂಟು ಪುಟಗಳ ಮೇರೆ ಗೊತ್ತಾಗಿತ್ತು. ಈ ಮೇರೆ ಮೀರಿತೆಂದು 1896ರಲ್ಲಿ ಎದ್ದ ವಿವಾದದಲ್ಲಿ ನಿಘಂಟಿನ ಅಸ್ತಿತ್ವವೇ ಅಲುಗಾಡಿತು.

ಅಳತೆಗೋಲು ಬೇಕಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಅದಿಲ್ಲದಿದ್ದರೆ ಸಂಪಾದಕರ ಆಸೆಗೆ ಮಿತಿಯೇ ಇರುತ್ತಿರಲಿಲ್ಲ. ಆದರೆ ಆ ಕೋಲು ಅಳೆಯತಕ್ಕ ವಸ್ತುವಿಗೆ ಒಪ್ಪುವಂಥದಲ್ಲ. ವೆಬ್‌ಸ್ಟರಿನಲ್ಲಿ ಒಂದು ಶಬ್ದಕ್ಕೆ ಹಿಡಿದ ಜಾಗವು ಅದರ ಈಗಿನ ಅರ್ಥಗಳನ್ನು ಅವಲಂಬಿಸಿದೆ. ಚಾರಿತ್ರಿಕ ನಿಘಂಟಿನಲ್ಲಿ ಜಾಗವು ಶಬ್ದದ ವಯಸ್ಸನ್ನೂ, ನಡುನಡುವೆ ಅದು ತಾಳಿದ ರೂಪಗಳನ್ನೂ, ದೊರೆತ ಪ್ರಯೋಗಗಳನ್ನೂ ಅನುಸರಿಸುವುದು. ಲ್ಯಾಟಿನ್ನಿನಿಂದ ಈಚೆಗೆ ಬಂದ ಶಾಸ್ತ್ರಶಬ್ದವೊಂದಕ್ಕೆ ಎರಡರಲ್ಲಿಯೂ ಸರಿಸುಮಾರು ಒಂದೇ ಅಳತೆಯಾದರೆ, ಸಾವಿರ ವರ್ಷ ಬಾಳಿದ ಕ್ರಿಯಾಪದವೊಂದಕ್ಕೆ ಪ್ರಮಾಣವು ಎಷ್ಟೋ ಪಾಲು ಏರುವುದು. 1989ರ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಮೂರಕ್ಷರದ ಕ್ರಿಯಾಪದದ ವಿವರಣೆಯು ಸುಮಾರು 60,000 ಶಬ್ದಗಳಷ್ಟು ಉದ್ದವಾಗಿದೆ. ಮೇರೆ ಮೀರಿದ ಭಾಗವೆಲ್ಲ ಅಪವ್ಯಯವೆಂದು ಹೊರಗಿನಿಂದ ಕಾಣುತ್ತಿದ್ದುದರಲ್ಲಿ ಎಷ್ಟೋ ಅಂಶವು ಭಾಷೆಯ ಪ್ರಾಚೀನತೆಯೇ ಆಗಿತ್ತು.

ಪುಟದ ಗಾತ್ರಕ್ಕಿಂತ ಸಂಚಿಕೆಯ ಗಾತ್ರದಲ್ಲಿ ಮಾಡಿದ ಬದಲಾವಣೆಯು ಹೆಚ್ಚು ಫಲಕಾರಿಯಾಯಿತು. 1894ರ ವೇಳೆಗೆ ಹೊರಬಂದುದು ಹನ್ನೊಂದು ಸಂಚಿಕೆ. ಅವುಗಳಲ್ಲಿ ಎಂಟು 352 ಪುಟಗಳವು, ಅಕ್ಷರ ಮುಗಿದ ಕಡೆಯವು ಕಿರಿಯವು. (ಕಿಟ್ಟೆಲ್ಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಪೂರ್ತಿಯಾಗಿ ಪ್ರಕಟವಾದುದೂ ಇದೇ 1894ರಲ್ಲಿ ಎಂಬುದನ್ನು ಕನ್ನಡಿಗರು ನೆನೆಯಬಹುದು.) ಇಷ್ಟು ದೊಡ್ಡ ಸಂಚಿಕೆಗಾಗಿ ಕೊಳ್ಳುವವರು ವರ್ಷಗಟ್ಟಲೆ ಕಾಯಬೇಕು, ಸಂಪಾದಕರಿಗೂ ತಾವು ಹಿಂದೆ ಬಿದ್ದಿರುವುದು ವರ್ಷ ಕಳೆದ ಮೇಲೆ ತಿಳಿಯುವುದು. 1895ರಿಂದ ಮೂರು ತಿಂಗಳಿಗೊಮ್ಮೆ 64 ಪುಟಗಳ ಸಂಚಿಕೆಯನ್ನೂ, ಸಾಮಗ್ರಿ ಸಿದ್ಧವಾಗಿದ್ದರೆ 128 ಅಥವಾ 192 ಪುಟಗಳನ್ನೂ ಹೊರಡಿಸುವುದೆಂದು ಗೊತ್ತಾಯಿತು. ಮೊದಲನೆಯ ಸಂಚಿಕೆಯ ಬೆಲೆ ಹನ್ನೆರಡೂವರೆ ಷಿಲಿಂಗ್. ಈ ಕಿರುಸಂಚಿಕೆಯದು ಎರಡೂವರೆ. ಈ ನಡೆಯು 1914ರ ಯುದ್ಧದವರೆಗೂ ತಪ್ಪಲಿಲ್ಲ.

1928ರ ಏಪ್ರಿಲ್ 19ರಂದು ಕಡೆಯ ಸಂಚಿಕೆ ಹೊರಟಿತು. ಮರ್ರೆಯವರು 1915ರಲ್ಲಿಯೂ ಬ್ರಾಡ್ಲೆಯವರು 1923ರಲ್ಲಿಯೂ ತೀರಿಹೋಗಿದ್ದರು. ಕ್ರೇಗಿ ಮತ್ತು ಆನಿಯನ್ಸ್ ಎಂಬವರು ಕೆಲಸವನ್ನು ಮುಗಿಸಿದರು. ಮೊತ್ತ ಸುಮಾರು 15,500 ಪುಟ. ಅದರಲ್ಲಿ ಹತ್ತಿರಹತ್ತಿರ ಅರ್ಧ, ಸುಮಾರು 7,200 ಪುಟ, ಮರ್ರೆಯವರದೇ. ಓದುಗರಿಂದ ಬಂದ ಪ್ರಯೋಗಗಳು ಸುಮಾರು 50 ಲಕ್ಷ, ಅಚ್ಚಿನಲ್ಲಿ ಉಳಿದವು 18 ಲಕ್ಷಕ್ಕೂ ಮಿಕ್ಕಿ. ಈ ಪುಟಗಳನ್ನು 1884ರಿಂದ ಕಳೆದ 44 ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 352 ಪುಟ ಬರುವುದು. ಮುದ್ರಣಾಲಯವು ವಿಧಿಸಿದ 704ರ ಅರ್ಧಕ್ಕೆ ಇದು ಸರಿಹೋಗುವುದು ಕಾಕತಾಳೀಯವಾದರೂ ಗಮನಾರ್ಹ. ಸಂಪಾದಕರು ಒಬ್ಬರಿಂದ ನಾಲ್ವರಾದರೂ ಸರಾಸರಿಯು ಮೊದಲ ಸಂಚಿಕೆಯ ಅಳತೆಯನ್ನು ದಾಟಲಿಲ್ಲ. ಪುಟಗಳ ಗುರಿಯನ್ನು ಮೇಲಿನಿಂದ ಇಳಿಸಿದವರು ಪ್ರತಿ ಚೀಟಿಯ ಕಟ್ಟನ್ನು ಅರ್ಥಾನುಸಾರವಾಗಿ ಬಿಡಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುವುದೆಂಬುದನ್ನು ಅಳೆದು ನೋಡಿದ್ದರೆ, ಹತ್ತು ವರ್ಷದ ಮಾತು ಮೊದಲೇ ಅಳಿಸಿಹೋಗುತ್ತಿತ್ತು.

ಗೂಡುಗಳ ಎಣಿಕೆಗೂ ಒಂದು ಎಲ್ಲೆಯಿತ್ತು. ‘ಬಾಂಡ್‌ಮೇಡ್’, ಎಂದರೆ ದಾಸಿ, ಎಂಬ ಬೈಬಲ್ಲಿನ ಶಬ್ದವು ‘ಬಿ’ ಅಕ್ಷರದ ಭಾಗದಲ್ಲಿ ಬಿಟ್ಟುಹೋಯಿತು. ಅದರ ಚೀಟಿಗಳು ಎಲ್ಲಿಯೋ ಸರಿದುಹೋಗಿದ್ದುವು. 1901ರಲ್ಲಿ ಓದುಗರೊಬ್ಬರು ಬರೆದು ತಿಳಿಸಿದರು. ಶಬ್ದವು ನಿಘಂಟನ್ನು ಸೇರಿದುದು 1933ರ ಅನುಬಂಧದಲ್ಲಿ. ಇರುವ ಚೀಟಿಗಳನ್ನು ಎಣಿಸಿದರೆ ಕಡಿಮೆ ಇರುವುದು ತಿಳಿಯುತ್ತದೆ, ಇಲ್ಲದೆ ಹೋದುದು ತಿಳಿಯುವುದಿಲ್ಲ.

ಎರಡನೆಯ ಆವೃತ್ತಿಯ ಬಳಿಕ ಹಿಡಿದ ಸಮಗ್ರ ಪರಿಷ್ಕರಣವು 2000ದಲ್ಲಿ ಕಾಗದವಿಲ್ಲದೆ ಪ್ರಕಟವಾಗತೊಡಗಿದಾಗ ‘ಎಂ’ ಅಕ್ಷರದಿಂದ ಆರಂಭವಾಯಿತು. ಹಳೆಯ ನಿಘಂಟಿನ ಮೊದಲ ಅಕ್ಷರಗಳಿಗಿಂತ ಮುಂದಿನವು ಹೆಚ್ಚು ಪಕ್ವವಾಗಿದ್ದುದರಿಂದ, ಸಂಪಾದಕರು ತಮ್ಮ ಕೈ ಪಳಗುವ ಕಾಲಕ್ಕೆ ನಡುವಿನ ಗಟ್ಟಿನೆಲವನ್ನು ಆರಿಸಿಕೊಂಡರು. 2008ರಲ್ಲಿ ಅವರು ಈ ಅಕ್ಷರಾನುಕ್ರಮವನ್ನೂ ಸಡಿಲಿಸಿ, ಒಂದು ತ್ರೈಮಾಸಿಕದಲ್ಲಿ ಅಕ್ಷರಗಳ ಸಾಲನ್ನು, ಮತ್ತೊಂದರಲ್ಲಿ ಭಾಷೆಯ ಮುಖ್ಯ ಶಬ್ದಗಳನ್ನು ತಿದ್ದುವುದೆಂದು ಸಾರಿದರು. 2010ರ ಡಿಸೆಂಬರಿನಲ್ಲಿ ಆ ಸಾಲನ್ನೇ ಪೂರ್ತಿಯಾಗಿ ಕೈಬಿಟ್ಟರು. ಮರ್ರೆಯವರ ಗೂಡುಗಳಲ್ಲಿ ಬಡವಾಗಿ ಕುಳಿತಿದ್ದ ರೂಢಿಯ ಶಬ್ದಗಳ ಸರದಿಯು ಹೀಗೆ ಮುಂದಕ್ಕೆ ಬಂದಿತು.