ಮೇಲ್ವಿಚಾರಣೆ: ಒಂದು ಗಂಟೆಯ ಕಥೆ

'ವಿಚಾರಣೆ' ಎಂದೊಡನೆ ಪೊಲೀಸ್ ಠಾಣೆ ನೆನಪಾಗುತ್ತದೆ. 'ವಿಚಾರಿಸಿಕೊಳ್ಳುವುದು' ಎಂದರೆ ಮನೆಗೆ ಬಂದ ನೆಂಟರು. 'ಮೇಲ್ವಿಚಾರಣೆ'ಯಲ್ಲಿ ಎರಡರ ಛಾಯೆಯೂ ಇದೆ. ಆಪ್ತಸಮಾಲೋಚನೆಯ ವ್ಯಾಸಂಗದಲ್ಲಿ ಈ ಮಾತಿಗೆ ವಿಶೇಷ ಅರ್ಥವುಂಟು. ಮನಸ್ಸು ನೊಂದು ಬಂದವರೊಡನೆ ವಿದ್ಯಾರ್ಥಿ ನಡೆಸಿದ ಮಾತುಕತೆಯನ್ನು ನುರಿತ ಗುರುವೊಬ್ಬರು ಜೊತೆಗೆ ಕುಳಿತು ಪರಾಮರ್ಶಿಸುವ ಕ್ರಮವದು. ಅಮೆರಿಕದಲ್ಲಿ ಈ ಶಿಕ್ಷಣಕ್ಕೆ ಮಾನ್ಯತೆ ನೀಡುವ ಕಾಕ್ರೆಪ್ ಸಂಸ್ಥೆಯ ನಿಯಮದಂತೆ ಸ್ನಾತಕೋತ್ತರ ವಿದ್ಯಾರ್ಥಿ ಮೊದಲು ಕನಿಷ್ಠ 100 ಗಂಟೆ, ಅನಂತರ 600 ಗಂಟೆ ಪ್ರಾಯೋಗಿಕ ಕಾರ್ಯ ಮಾಡಬೇಕು. ಅದರುದ್ದಕ್ಕೂ ವಾರಕ್ಕೆ ಸರಾಸರಿ ಒಂದು ಗಂಟೆ ಮೇಲ್ವಿಚಾರಣೆ ನಡೆಯಬೇಕು.

ಪರದೇಶದ ವಿದ್ಯಾರ್ಥಿ ಎಡವುವುದು ಆ ಒಂದು ಗಂಟೆಯಲ್ಲಿಯೇ. ಧಾರವಾಡದ ಕಡೆಯ ಹುಡುಗಿಯೊಬ್ಬಳು ಅಲ್ಲಿ ಕಲಿಯುತ್ತಿದ್ದಾಳೆಂದು ಊಹಿಸಿಕೊಳ್ಳೋಣ. ತಾಯಿಯನ್ನು ಬಿಟ್ಟು ಬೇರೆ ಇರಬೇಕೆಂದು ಹಂಬಲಿಸುವ ಹತ್ತೊಂಬತ್ತರ ತರುಣನೊಬ್ಬ ಅವಳ ಸಲಹೆಗೆ ಬಂದಿದ್ದಾನೆ. ಅವಳು ಮತ್ತೆ ಮತ್ತೆ ತಾಯಿಯ ಸಂಕಟದ ಕಡೆಗೇ ಮಾತು ತಿರುಗಿಸುತ್ತಾಳೆ. ಧ್ವನಿಮುದ್ರಣ ಕೇಳಿದ ಗುರು "ಹೀಗೇಕೆ ಮಾಡಿದಿರಿ?" ಎನ್ನುತ್ತಾರೆ. ಅವಳು ತಲೆ ತಗ್ಗಿಸಿ ಸುಮ್ಮನಾಗುತ್ತಾಳೆ. ನಮ್ಮಲ್ಲಿ ಅದು ವಿನಯ. ಅಲ್ಲಿಯ ವರದಿಯಲ್ಲಿ 'ಆತ್ಮವಿಶ್ವಾಸ ಸಾಲದು' ಎಂದು ದಾಖಲಾಗಬಹುದು. ಗುರುವನ್ನು ಹೆಸರು ಹಿಡಿದು ಕರೆಯುವ ಅಲ್ಲಿಯ ರೂಢಿಯೇ ಅವಳ ನಾಲಗೆಗೆ ಭಾರ. ಮೇಲಾಗಿ, ವಿದ್ಯಾರ್ಥಿ ವೀಸಾ ಪೂರ್ಣಾವಧಿ ವ್ಯಾಸಂಗಕ್ಕೆ ಕಟ್ಟುಬಿದ್ದದ್ದು. ವರದಿಯ ಒಂದು ಸಾಲು ತನ್ನನ್ನು ಊರಿಗೆ ಮರಳಿಸೀತೆಂಬ ಭಯವಿರುವಾಗ ಮನಬಿಚ್ಚಿ ಮಾತನಾಡುವವರಾರು?

ಆದ್ದರಿಂದ ಮೊದಲ ಮಾತು ಗುರುವಿನಿಂದಲೇ ಬರಬೇಕು. "ನನ್ನ ಅಭಿಪ್ರಾಯ ನಿಮಗೆ ಒಪ್ಪಿಗೆಯಾಗದಿದ್ದರೆ ಹೇಗೆ ತಿಳಿಸುವಿರಿ? ನಿಮ್ಮ ಮನೆಯಲ್ಲಿ ಹಿರಿಯರಿಗೆ ಹೇಗೆ ತಿಳಿಸುತ್ತಿದ್ದಿರಿ?" ಎಂದು ಕೇಳಬೇಕು. ಅಂಕ ಯಾವುದಕ್ಕೆ, ಯಾವುದಕ್ಕಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. 'ಭಾರತೀಯರೆಲ್ಲ ಹೀಗೆಯೇ' ಎಂದು ತೀರ್ಮಾನಿಸಿಬಿಡುವುದು ಇನ್ನೊಂದು ಬಗೆಯ ಅವಿವೇಕ. ಪಾಪ, ಪರದೇಶದವಳೆಂದು ತಪ್ಪನ್ನು ಮನ್ನಿಸಿ ಕಳಿಸುವುದೂ ನನಗೆ ಒಪ್ಪಿಗೆಯಿಲ್ಲ. ನಷ್ಟವಾಗುವುದು ಆ ತರುಣನಿಗೆ. ತಾನು ತಾಯಿಯ ಪರ ವಾಲಿದ್ದು ತನ್ನ ಸಂಸ್ಕಾರದಿಂದ ಎಂಬುದನ್ನು ಅವಳು ಕಂಡುಕೊಳ್ಳಲೇಬೇಕು.

ನಮ್ಮ ದೇಶದ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಗುರು-ಚೇಲಾ ಸಂಬಂಧವನ್ನು ಚಿಕಿತ್ಸೆಯ ಮಾದರಿಯಾಗಿ ಚರ್ಚಿಸಿದರು. ಅವರು ಬರೆದದ್ದು ಚಿಕಿತ್ಸಕ-ರೋಗಿಗಳ ಕುರಿತು. ಆದರೂ ಈ ಹುಡುಗಿ ಮೇಲ್ವಿಚಾರಕರ ಕೋಣೆಗೆ ಬರುವುದು ಗುರುವಿನ ಅಂಥದೇ ಕಲ್ಪನೆಯೊಡನೆ. ಗುರು ದಾರಿ ತೋರಿಸಲೆಂದು ಅವಳು ಕಾಯುತ್ತಾಳೆ. ಅವಳೇ ಹುಡುಕಲೆಂದು ಅವರು ಕಾಯುತ್ತಾರೆ. ಕೆಲವು ವಾರ ತಾವೇ ಮಾಡಿ ತೋರಿಸಿ, ಆಮೇಲೆ ಮೆಲ್ಲಗೆ ಪ್ರಶ್ನೆಗೆ ಹೊರಳಿದರೆ, "ಸರ್, ಇಲ್ಲಿ ನನಗೆ ಬೇರೆ ತೋರುತ್ತದೆ" ಎಂದು ಅವಳೂ ಒಂದು ದಿನ ಅಂದಾಳು.